ಬಾಗಿಲು ಬಿಸಿಯಾಗಿದೆ

ಐದನೇ ಕುರ್ಚಿ ಎಳೆದರೆ ಕಿರ್ ಅನ್ನುತ್ತೆ, ಕಾಲಿನ ರಬ್ಬರು ಎಲ್ಲೋ ಬಿದ್ದುಹೋಗಿದೆ, ನಾನು ಕೆಲಸ ಮಾಡೋ ಕನ್ನಡಕದ ಅಂಗಡಿಯಲ್ಲಾದರೆ ಮೂಗಿನ ಹತ್ತಿರದ ರಬ್ಬರು ಬಿದ್ದುಹೋಯಿತು ಅಂತ ಯಾರಾದರೂ ಬಂದರೆ ಡಬ್ಬಿಯಿಂದ ಒಂದು ತೆಗೆದು ಕೂರಿಸಿ ಕಳಿಸಿಬಿಡ್ತೀನಿ, ಕುರ್ಚಿಗೆ ಯಾರು ಹಾಕಬೇಕು, ಇವರು ಹಾಕ್ತಿದ್ದರು, ಹಾಕ್ತೀನಿ ಹಾಕ್ತೀನಿ ಅಂತ ಹೇಳ್ತಾನೇ ಇದ್ದು ಒಂದು ದಿನ ನಾನು ಮರೆತ ಮೇಲೆ ಹಾಕಿಬಿಡ್ತಿದ್ದರು — ಇರಲಿ, ಕಿರ್ ಅನ್ನಲಿ, ಈ ಮನೆಯಲ್ಲಿ ಏನಾದರೂ ಒಂದು ಸದ್ದು ಮಾಡಲಿ. ಮೇಜಿನ ತುದಿಯಲ್ಲಿರೋದು ಇವರ ಕುರ್ಚಿ, ಕಥೆ ಕಟ್ಟಿ ದಾಳ ಹಾಕೋ ನಮ್ಮ ಆಟ ನಡೆಸೋರ ಕುರ್ಚಿ, ಕೈ ಊರಿಕೊಳ್ಳೋಕೆ ಹಿಡಿ ಇರೋದು ಅದೊಂದಕ್ಕೇ, ಇವತ್ತು ಅದರಲ್ಲಿ ಯಾರು ಕೂರಬೇಕು ಅಂತ ಬೆಳಗ್ಗೆಯಿಂದ ಯೋಚನೆ ಮಾಡೋಣ ಅಂದುಕೊಂಡೆ, ಮಾಡಲಿಲ್ಲ, ಟೀ ಕಪ್ಪು ತೊಳೆದೆ, ತೊಳೆದಿದ್ದನ್ನೇ ಇನ್ನೊಂದು ಸಲ ತೊಳೆದೆ. ತಂಗಿ ಫೋನು ಮಾಡಿ ಭಾನುವಾರ ಮಧ್ಯಾಹ್ನ ಎಲ್ಲರೂ ಬರ್ತೀವಿ ಅಕ್ಕ, ಆಟ ಮತ್ತೆ ಶುರು ಮಾಡೋಣ, ನೀನೇ ನಡೆಸು, ಭಾವ ಪಕ್ಕದಲ್ಲಿ ಕೂತಿರಲಿ ಅಂದಾಗ ಸರಿ ಅಂದೆ, ಬೇಡ ಅನ್ನೋಕೆ ಒಳಗೆ ಒಂದಿಷ್ಟು ಕಸುವು ಬೇಕಲ್ಲ, ಅದಿರಲಿಲ್ಲ, ಸರಿ ಅನ್ನೋದು ಸಲೀಸು, ಈಗೀಗ ಎಲ್ಲದಕ್ಕೂ ಸರಿ ಅಂತೀನಿ. ಹಲ್ಲು ಕೀಳೋಕೆ ಮುಂಚೆ ಸೂಜಿ ಚುಚ್ತಾರಲ್ಲ, ತುಟಿ ಇದೆ ಅಂತ ಗೊತ್ತು, ಮುಟ್ಟಿದರೆ ಬೇರೆ ಯಾರದೋ ತುಟಿ, ಹಾಗೆ.

ಇವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಮಾತೇ ಕೆಲಸ, ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಮಾತಾಡೋದು, ಕ್ಲಚ್ ನಿಧಾನ, ಇನ್ನೂ ನಿಧಾನ, ಗಾಡಿನ ನೀವು ನೂಕಬೇಡಿ, ಕಾಲು ಬಿಡ್ತಾ ಬನ್ನಿ, ಅದೇ ಹೊರಡುತ್ತೆ — ಮನೆಗೆ ಬಂದ ಮೇಲೂ ನಿಲ್ಲದ ಬಾಯಿ, ಹಲ್ಲುಜ್ಜುವಾಗಲೂ ಏನೋ ಹೇಳ್ತಾ ಇರ್ತಿದ್ದರು, ನೊರೆ ಉಗಿದು ಮುಗಿಸಿ ಮಾತಾಡ್ರೀ ಅಂತಿದ್ದೆ. ಆ ಬುಧವಾರ ಸ್ಟೀರಿಂಗ್ ಹಿಡಿದಿದ್ದವರು ಲೆಕ್ಕದ ಮೇಡಂ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡೋರು, ಐವತ್ತು ದಾಟಿದ ಮೇಲೆ ಗಾಡಿ ಕಲಿಯೋ ಹುಚ್ಚು ಹತ್ತಿದವರು, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನಗೆ ಹೇಳಿದರು, ಸರ್ ಎಡಕ್ಕೆ ಅಂತಾರೆ ಅಂತ ಕಾಯ್ತಾ ಇದ್ದೆ, ಅವರ ಬಾಯಲ್ಲಿ ಇನ್ನೇನೋ ಬಂತು, ಎಡಕ್ಕೂ ಅಲ್ಲ ಬಲಕ್ಕೂ ಅಲ್ಲ, ನಾನು ತಮಾಷೆ ಅಂದುಕೊಂಡು ನಕ್ಕೆ, ತಿರುಗಿ ನೋಡಿದರೆ ಮುಖ ಒಂದು ಕಡೆ ಇಳಿದುಬಿಟ್ಟಿದೆ. ಆಸ್ಪತ್ರೆವರೆಗೂ ಎರಡನೇ ಗೇರಿನಲ್ಲೇ ಓಡಿಸಿಕೊಂಡು ಬಂದಿದ್ದರು, ಮೂರನೇದು ಇನ್ನೂ ಹೇಳಿಕೊಟ್ಟಿರಲಿಲ್ಲ, ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದರಂತೆ, ಬೈದುಕೊಳ್ಳಲಿ ಅಂತ ಕಿಟಕಿ ಏರಿಸಿಕೊಂಡರಂತೆ. ಅದನ್ನ ಹೇಳ್ತಾ ಹೇಳ್ತಾ ಅವರೇ ಅತ್ತರು, ನಾನು ನೀರು ತಂದುಕೊಟ್ಟೆ, ಹೊರಗೆ ಗಾಡಿಯ ಇಂಡಿಕೇಟರ್ ಆರಿಸೋದು ಮರೆತಿದ್ದರು, ಗಾಜಿನ ಬಾಗಿಲಲ್ಲಿ ಹಳದಿ ಬೆಳಕು ಬರ್ತಾ ಇತ್ತು, ಹೋಗ್ತಾ ಇತ್ತು, ಯಾರಾದರೂ ಹೋಗಿ ಅದನ್ನ ಆರಿಸಬೇಕು ಅನ್ನಿಸಿದ್ದು ಬಿಟ್ಟರೆ ನನಗೆ ಏನೂ ಅನ್ನಿಸಲಿಲ್ಲ.

ಆಯ್ತು ಬಿಡು, ಇವರಿಗೆ ಉಳಿದಿರೋ ಮಾತು ಅದೊಂದೇ, ಯಾಕೆ ಅದೇ ಉಳಿಯಿತು ಅಂದರೆ ಡಾಕ್ಟರು ಹಾಗೆಲ್ಲ ಹೇಳೋಕಾಗಲ್ಲ ಅಂದರು, ಕೆಲವರಿಗೆ ಬೈಗುಳ ಉಳಿಯುತ್ತೆ, ಕೆಲವರಿಗೆ ಎಣಿಕೆ ಉಳಿಯುತ್ತೆ, ನಿಮ್ಮ ಯಜಮಾನರಿಗೆ ಇದು ಉಳಿದಿದೆ. ಹಸಿವಾದರೆ ಆಯ್ತು ಬಿಡು, ಸ್ನಾನದ ನೀರು ತಣ್ಣಗಿದ್ದರೆ ಆಯ್ತು ಬಿಡು, ಮಾತು ಕಲಿಸೋಕೆ ಬರೋ ಹುಡುಗಿ ಚಿತ್ರದ ಕಾರ್ಡು ತೋರಿಸಿ ಇದೇನು ಸರ್ ಅಂದರೆ ಬೀಗದ ಕೈಯೂ ಆಯ್ತು ಬಿಡು, ಛತ್ರಿಯೂ ಆಯ್ತು ಬಿಡು, ಒಂದೊಂದು ಸಲ ಒಂದೊಂದು ರಾಗ, ರಾಗದಲ್ಲೇ ನಾನು ಅರ್ಥ ಮಾಡಿಕೋಬೇಕು, ಮೊದಮೊದಲು ಮಾಡಿಕೊಳ್ತಿದ್ದೆ, ಈಗ ಒಂದು ಲೋಟ ನೀರು ಕೊಡ್ತೀನಿ, ಅದಲ್ಲದಿದ್ದರೆ ದಿಂಬು ಸರಿ ಮಾಡ್ತೀನಿ, ಅದೂ ಅಲ್ಲದಿದ್ದರೆ ಟೀವಿ ಹಾಕ್ತೀನಿ. ನಿನ್ನೆ ಸಂಜೆ ಮಾತ್ರ ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ, ಅಂಗಡಿಯಲ್ಲಿ ಗಾಜು ಬದಲಾಯಿಸಿ ಬದಲಾಯಿಸಿ ಇದು ಸ್ಪಷ್ಟ ಕಾಣುತ್ತಾ ಇದಾ ಅಂತ ಕೇಳೋ ಹಾಗೆ ಕೇಳಿದೆ, ರೀ, ಆಟದ ಆ ಬಾಗಿಲ ಆಚೆ ಬೆಂಕಿ ಇದೆಯಾ. ಆಯ್ತು ಬಿಡು. ಮೃಗ ಇದೆಯಾ. ಆಯ್ತು ಬಿಡು. ಮನುಷ್ಯರಾ. ಆಯ್ತು ಬಿಡು, ಆಯ್ತು ಬಿಡು, ಕಣ್ಣು ನನ್ನ ಮೇಲೇ ಇತ್ತು, ತುಂಬ ಹೇಳೋದಿದೆ ಅನ್ನೋ ಕಣ್ಣು, ನಾನು ಎದ್ದು ಹೋಗಿ ಕುಕ್ಕರ್ ಆರಿಸಿದೆ.

ಆ ಬಾಗಿಲೇ ತೊಂದರೆ. ಹಿಂದಿನ ಆಟ ನಿಂತಿದ್ದು ಅಲ್ಲಿ, ಕಥೆಯ ಉಪ್ಪಿನ ಗಣಿಯೊಳಗೆ ಕೆಳಗೆ ಕೆಳಗೆ ಇಳಿದು, ಲಾಂದ್ರ ಆರಿ, ಕೈಯಿಂದ ಗೋಡೆ ಸವರಿಕೊಂಡು ಹೋಗ್ತಾ ನಮಗೆಲ್ಲ ಒಂದು ಕಬ್ಬಿಣದ ಬಾಗಿಲು ಸಿಕ್ಕಿತ್ತು, ನಾನು ಅಂದರೆ ನನ್ನ ಪಾತ್ರದ ಕಳ್ಳಿ ಬೀಗ ಹುಡುಕೋಕೆ ಅಂತ ಕೈ ಇಟ್ಟರೆ, ಇವರು ತಮ್ಮ ಮುಂದಿನ ರಟ್ಟಿನ ಹಲಗೆಯ ಹಿಂದಿನಿಂದ ಬಗ್ಗಿ ಮೆಲ್ಲಗೆ, ಬಾಗಿಲು ಬಿಸಿಯಾಗಿದೆ ಅಂದರು, ಅಂದು ದಾಳಗಳನ್ನೆಲ್ಲ ಬಾಚಿ ಚೀಲಕ್ಕೆ ಹಾಕಿ ಮುಂದಿನ ವಾರ ಅಂದುಬಿಟ್ಟರು, ತಂಗಿ ಮೇಜು ಗುದ್ದಿ ಭಾವ ಇದು ಮೋಸ ಅಂದಳು. ಆ ರಾತ್ರಿ ಹಾಸಿಗೆ ಹಾಸ್ತಾ ನನಗಾದರೂ ಹೇಳ್ರೀ ಅಂದೆ, ಹೆಂಡತಿಗೊಂದು ನ್ಯಾಯ ಮಿಕ್ಕವರಿಗೊಂದು ನ್ಯಾಯ ಇಲ್ಲ ಕಣೇ ಅಂದರು, ಎಲ್ಲಾದರೂ ಬರೆದಿಟ್ಟಿದ್ದೀರಾ ಅಂದರೆ ಹಣೆ ತೋರಿಸಿದರು, ಅವರು ಯಾವತ್ತೂ ಒಂದಕ್ಷರ ಬರೆದವರಲ್ಲ. ಇಷ್ಟು ವರ್ಷ ಶುರು ಮಾಡೋದು ಹೇಗೆ ಅನ್ನೋದನ್ನ ಮಾತ್ರ ಕೇಳದೇ ಇದ್ದರೂ ಹೇಳೋರು, ಉಗುರು ಕತ್ತರಿಸ್ತಾ, ಬಟ್ಟೆ ಮಡಚ್ತಾ, ನೋಡು, ಬಂದ ತಕ್ಷಣ ಆಟ ಶುರು ಮಾಡಬೇಡ, ಅವರವರ ಮನೆ ಸುದ್ದಿ, ಟ್ರಾಫಿಕ್ಕು, ಬಾಸಿನ ಕಾಟ ಎಲ್ಲ ಹೊರಗೆ ಬರಲಿ, ಇಲ್ಲದಿದ್ದರೆ ಅದೆಲ್ಲ ಗಣಿಯೊಳಗೆ ಬರುತ್ತೆ, ಆಮೇಲೆ ಹಿಂದಿನ ಕಥೆನ ನೀನು ಹೇಳಬೇಡ, ಅವರ ಬಾಯಲ್ಲೇ ಹೇಳಿಸು, ಅವರಿಗೆ ನೆನಪಿರೋದಷ್ಟೇ ಕಥೆ, ಮಿಕ್ಕಿದ್ದು ನಿನ್ನ ಜಂಬ, ಹವಾಮಾನ ಹೇಳಬೇಡ, ಬೆಟ್ಟ ನದಿ ಹೇಳಬೇಡ, ಏನೋ ಒಂದು ಆಗ್ತಾ ಇರೋ ಹೊತ್ತಿಗೆ ಅವರನ್ನ ಎತ್ತಿ ಹಾಕು, ಹಾಕಿ ಏನು ಮಾಡ್ತೀರಿ ಅಂತ ಕೇಳು, ಕೇಳಿ ಬಾಯಿ ಮುಚ್ಚಿಕೊಂಡು ಕೂತ್ಕೋ. ಬಾಯಿ ಮುಚ್ಚಿಕೊಂಡು ಅನ್ನೋದನ್ನ ನೀವು ಹೇಳಬೇಕು ಅಂತ ನಾನು ನಕ್ಕಿದ್ದೆ, ಒಗೆದ ಬಟ್ಟೆಯ ವಾಸನೆ, ಇವರ ಅಂಗಿಯ ತೋಳು ನನ್ನ ಕೈಯಲ್ಲಿ —

ಬೆಲ್ಲು. ತಂಗಿ ಚಪ್ಪಲಿ ಬಿಡೋಕೆ ಮುಂಚೆನೇ ಮಾತು ಶುರು ಮಾಡ್ತಾಳೆ, ಅಕ್ಕ ಸೊರಗಿಬಿಟ್ಟಿದ್ದೀಯ, ಭಾವ ಹೇಗಿದ್ದೀರ, ಪರವಾಗಿಲ್ಲ ಬಣ್ಣ ಬಂದಿದೆ, ಅವಳು ಪರದೆ ಹೊಲಿಯೋಳು, ಕೈಯಷ್ಟೇ ಬಾಯೂ ಓಡುತ್ತೆ, ಆಟದಲ್ಲಿ ಮಾತ್ರ ಕೊಡಲಿ ಹಿಡಿದ ಆಳೆತ್ತರದ ಹೆಂಗಸು, ಮಾತು ಕಮ್ಮಿ, ಏಟು ಜಾಸ್ತಿ. ಹಿಂದೆ ಗಡ್ಡ, ಇವರ ಸ್ಕೂಲಿನ ಗಾಡಿ ರಿಪೇರಿ ಮಾಡೋ ಮೆಕ್ಯಾನಿಕ್ಕು, ಗಡ್ಡ ಬೋಳಿಸಿ ಯಾವ ಕಾಲವಾಯಿತೋ, ಹೆಸರು ಉಳಿದುಕೊಂಡಿದೆ, ಅತ್ತಿಗೆ ಬಿಸ್ಕತ್ತು ತಂದಿದ್ದೀನಿ ಅಂತ ಪೊಟ್ಟಣ ನನ್ನ ಕೈಗಿಟ್ಟ, ಇವರ ಮುಖ ನೋಡಲಿಲ್ಲ, ಇವರ ಭುಜ ನೋಡಿ ನಮಸ್ಕಾರ ಗುರು ಅಂದ, ಇವರು ಆಯ್ತು ಬಿಡು ಅಂದರು, ಗಡ್ಡ ಗೋಡೆ ಗಡಿಯಾರ ನೋಡಿದ. ಕೊನೆಗೆ ಲೆಕ್ಕದ ಮೇಡಂ, ತರಗತಿಗೆ ಹೋಗೋ ಹಾಗೆ ಸೀರೆಗೆ ಪಿನ್ ಹಾಕಿಕೊಂಡು, ನಾನೇ ಕರೆದಿದ್ದೆ, ಗಾಡಿಯಲ್ಲಿ ಕೂತು ಸರ್ ಈ ಆಟದ ಬಗ್ಗೆ ತುಂಬ ಹೇಳ್ತಿದ್ದರು ಅಂದಿದ್ದರು, ಕರೆಯದೇ ಇರೋಕೆ ಕಾರಣ ಸಿಗಲಿಲ್ಲ. ಇದರಲ್ಲಿ ಗೆಲ್ಲೋದು ಹೇಗೆ ಅಂತ ಕೇಳಿದರು. ಗೆಲ್ಲೋದು ಅಂತ ಏನೂ ಇಲ್ಲ ಮೇಡಂ, ಒಬ್ಬರು ಕಥೆ ಹೇಳ್ತಾರೆ, ಮಿಕ್ಕವರು ಅದರೊಳಗೆ ಒಂದೊಂದು ಪಾತ್ರ ಆಗಿರ್ತಾರೆ, ನಾನು ಹಿಂಗೆ ಮಾಡ್ತೀನಿ ಅಂತಾರೆ, ಆಗುತ್ತೋ ಇಲ್ವೋ ದಾಳ ಹೇಳುತ್ತೆ. ಎಷ್ಟು ಮುಖದ ದಾಳ. ಇಪ್ಪತ್ತು. ಅವರು ಅದನ್ನ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದರು, ಚೆನ್ನಾಗಿದೆ ಅಂದರು, ನನ್ನ ಕಳ್ಳಿಯ ಪಾತ್ರ ಅವರಿಗೆ ಕೊಟ್ಟೆ, ನಾನಿನ್ನು ಆಟ ನಡೆಸೋಳಲ್ಲವಾ, ಹಾಗಾದರೆ ನಾನು ಕದಿಯಬೇಕಾ ಅಂತ ಮೇಡಂ ಗಾಬರಿಯಾದರು, ತಂಗಿ ಜೋರಾಗಿ ನಕ್ಕಳು, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ನಕ್ಕಳು.

ಕಿಟಕಿ ಹತ್ತಿರ ಕೂತಿದ್ದ ಇವರು ಎದ್ದು ಹೊರಟರು, ಎಡಗೈಯಲ್ಲಿ ಕೋಲು, ಬಲಗಾಲು ಹಿಂದಿನಿಂದ ಎಳೆದುಕೊಂಡು, ಎಲ್ಲರೂ ಬಿಸ್ಕತ್ತು ನೋಡ್ತಾ ಕೂತರು, ತಮ್ಮ ಕುರ್ಚಿಯ ಹತ್ತಿರ ಬಂದರು, ಹಿಡಿಯ ಮೇಲೆ ಕೈ ಇಟ್ಟರು, ದಾಟಿ ಹೋಗಿ ನಾನು ಯಾವಾಗಲೂ ಕೂರೋ ಕುರ್ಚಿಯಲ್ಲಿ ಕೂತರು. ಜಾಗ ಬಿಟ್ಟುಕೊಟ್ಟರಾ, ಇಲ್ಲ ಯಾವ ಕುರ್ಚಿ ಅನ್ನೋದು ಮರೆತರಾ, ಇಲ್ಲ ಅಲ್ಲಿಗೆ ಸುಸ್ತಾಯಿತಾ, ತಂಗಿ ಕಣ್ಣು ಒರೆಸಿಕೊಂಡು ನೋಡಿದೆಯಾ ಅಕ್ಕ ಅಂದಳು, ನೋಡಿದೆ, ಏನು ನೋಡಿದೆ ಅಂತ ಗೊತ್ತಾಗಲಿಲ್ಲ. ಹೋಗಿ ಆ ಕುರ್ಚಿಯಲ್ಲಿ ಕೂತೆ, ಮರದ ಹಿಡಿ ಇವರ ಕೈ ತಾಗಿ ತಾಗಿ ನುಣ್ಣಗಾಗಿದೆ, ಎದುರಿಗೆ ಇವರ ರಟ್ಟಿನ ಹಲಗೆ, ಆಟ ನಡೆಸೋರ ದಾಳ ಕಾಣದ ಹಾಗೆ ಅಡ್ಡ ಇಡೋದು, ಅದರ ಹಿಂದೆ ಕೂತರೆ ಎಲ್ಲರ ಮುಖ ಕತ್ತಿನಿಂದ ಮೇಲಷ್ಟೇ ಕಾಣುತ್ತೆ, ಇವರು ನಮ್ಮನ್ನ ನೋಡ್ತಿದ್ದದ್ದು ಹೀಗೆ.

ಶುರು ಮಾಡಿದೆ. ಎಲ್ಲ ತಪ್ಪು ಮಾಡಿದೆ. ಕ್ಷಮಿಸಿ, ನನಗೆ ಇವರ ಹಾಗೆ ಬರಲ್ಲ ಅಂದೆ, ಅಯ್ಯೋ ಅತ್ತಿಗೆ ಬಿಡಿ ಅಂದ ಗಡ್ಡ. ಹಿಂದಿನ ಕಥೆ ನಾನೇ ಹೇಳೋಕೆ ಕೂತೆ, ನೀವು ಊರಿಂದ ಹೊರಟಿರಿ, ಆಗ ಚಳಿಗಾಲ, ಬೆಟ್ಟದ ಮೇಲೆ ಮಂಜು, ಆಮೇಲೆ ಗಣಿಯ ಬಾಯಿ ಸಿಕ್ಕಿತು, ಆಮೇಲೆ ಮೆಟ್ಟಿಲು, ಆಮೇಲೆ ಇನ್ನಷ್ಟು ಮೆಟ್ಟಿಲು, ಅಂಗಡಿಯಲ್ಲಿ ಫ್ರೇಮಿನ ಗ್ಯಾರಂಟಿ ಓದಿ ಹೇಳೋ ದನಿ ಅದು, ನನಗೇ ಕೇಳಿಸ್ತಾ ಇತ್ತು, ನಿಲ್ಲಿಸೋಕೆ ಆಗ್ತಾ ಇರಲಿಲ್ಲ, ಎಲ್ಲರೂ ತಲೆ ಆಡಿಸ್ತಾರೆ, ಸಾವಿನ ಮನೆಯಲ್ಲಿ ಆಡಿಸೋ ಹಾಗೆ ಮೆಲ್ಲಗೆ, ಒಳ್ಳೆ ಮನಸ್ಸಿನಿಂದ, ಮೇಡಂ ಮಾತ್ರ ಆಡಿಸಲಿಲ್ಲ, ಹುಬ್ಬು ಗಂಟಿಕ್ಕಿ ಕೇಳ್ತಾ ಇದ್ದರು, ತಂಗಿ ಫೋನನ್ನ ಮಗುಚಿಟ್ಟವಳು ತುದಿ ಎತ್ತಿ ನೋಡಿ ಮತ್ತೆ ಮಗುಚಿದಳು. ಕೊನೆಗೂ ಬಾಗಿಲು ಬಂತು. ಒಂದು ಕಬ್ಬಿಣದ ಬಾಗಿಲು, ಬಿಸಿಯಾಗಿದೆ ಅಂದೆ. ಅಲ್ಲಿಂದ ಮುಂದೆ ನನ್ನ ಹತ್ತಿರ ಏನೂ ಇಲ್ಲ. ಆಚೆ ಏನಿದೆ ಅಂತ ಗೊತ್ತಿರೋರು ಒಬ್ಬರೇ, ನನ್ನ ಕುರ್ಚಿಯಲ್ಲಿ ಕೂತಿದ್ದಾರೆ, ಅವರ ಗಲ್ಲದ ಮೇಲೆ ಬಿಸ್ಕತ್ತಿನ ಪುಡಿ ಇದೆ, ಒರೆಸಬೇಕು. ಮತ್ತೆ ಅಂದ ಗಡ್ಡ. ಮತ್ತೆ, ಅಂದೆ ನಾನು, ನನಗೆ ಅಷ್ಟೇ ಗೊತ್ತಿರೋದು. ತಂಗಿ ಮೆಲ್ಲಗೆ, ಬೇಕಾದರೆ ಇನ್ನೊಂದು ದಿನ ಆಡೋಣ ಅಕ್ಕ, ಟೀ ಮಾಡ್ಲಾ ಅಂದಳು, ಸರಿ ಅಂದೆ, ಕುರ್ಚಿ ಹಿಂದಕ್ಕೆ ಸರಿಸಿದೆ.

ಆಗ ಇವರ ಕೈ ಎದ್ದಿತು. ಎಡಗೈ, ಕೋಲು ಕುರ್ಚಿಗೆ ಒರಗಿಸಿ ಖಾಲಿಯಾಗಿದ್ದ ಕೈ, ಬೆರಳು ಮಡಚಿ ಮೇಜಿನ ಮೇಲೆ ಗಾಳಿಯಲ್ಲಿ ನಿಂತಿತು, ನೀರು ಬೇಕೇನೋ ಅಂದುಕೊಂಡೆ, ಅಷ್ಟರಲ್ಲಿ ಕೆಳಗೆ ಬಂತು, ಟಕ್ ಟಕ್ ಟಕ್, ಗೆಣ್ಣಿನಿಂದ, ಖಾಲಿ ಕಪ್ಪುಗಳು ಅಲ್ಲಾಡಿದವು, ಮುಖ ಕೆಂಪಗಾಗಿದೆ, ಕತ್ತಿನ ನರ ಎದ್ದಿದೆ, ಕೋಪ ಅದು, ಕೋಪ ಇರಬೇಕು, ಗಂಟಲಿನಿಂದ ಆಯ್ತು ಬಿಡು ಬಂದೇ ಬಿಡುತ್ತೆ ಅಂತ ನಾವೆಲ್ಲ ಕಾಯ್ತಾ ಇದ್ದೀವಿ, ಬರಲಿಲ್ಲ, ಬಾಯಿ ಬಿಗಿಯಾಗಿ ಮುಚ್ಚಿಕೊಂಡು ನನ್ನನ್ನೇ ನೋಡ್ತಾ ಇನ್ನೊಂದು ಸಲ ಟಕ್ ಟಕ್ ಟಕ್, ಭಾವ ಏನು ಬೇಕು ಅಂತ ತಂಗಿ ಎದ್ದಳು, ಕೂತ್ಕೋ ಅಂದೆ. ನನ್ನ ದನಿ, ಎಲ್ಲಿಂದ ಬಂತೋ, ಗ್ಯಾರಂಟಿ ಓದೋ ದನಿ ಅಲ್ಲ. ಬಾಗಿಲ ಆಚೆಯಿಂದ ಯಾರೋ ತಟ್ತಾ ಇದ್ದಾರೆ, ಅಂದೆ. ಏನು ಮಾಡ್ತೀರಿ.

ಎದ್ದು ನಿಂತಿದ್ದ ತಂಗಿ ಮೆಲ್ಲಗೆ ಕೂತು, ಕೊಡಲಿ ತೆಗೀತೀನಿ ಅಂದಳು, ಆ ಕೊಡಲಿ ಹೆಂಗಸಿನ ದಪ್ಪ ದನಿಯಲ್ಲಿ, ಅದನ್ನ ಕೇಳಿ ಎಷ್ಟು ದಿನವಾಗಿತ್ತು. ತಡಿಯೇ ಮಾರಾಯ್ತಿ ಅಂದ ಗಡ್ಡ, ಅವನು ಆಟದಲ್ಲಿ ವೈದ್ಯ, ಅವನ ಮದ್ದಿನಿಂದ ಬದುಕಿದವರು ಕಮ್ಮಿ, ಬಾಗಿಲು ಬಿಸಿಯಾಗಿದೆ ಅಂದರೆ ಒಳಗೆ ಜ್ವರ, ತೆಗೆದರೆ ನಮಗೂ ಅಂಟುತ್ತೆ. ಕಬ್ಬಿಣಕ್ಕೆ ಜ್ವರ ಬರುತ್ತೇನೋ ಅಂದಳು ತಂಗಿ. ಈ ಗಣಿಯಲ್ಲಿ ಉಪ್ಪಿಗೇ ಕಣ್ಣು ಬಂದಿತ್ತು, ಮರೆತೆಯಾ. ಹೌದು, ಕಣ್ಣು ಬಂದಿತ್ತು, ನಾನು ಅದನ್ನ ಬಿಟ್ಟೇಬಿಟ್ಟಿದ್ದೆ, ಮೆಟ್ಟಿಲು ಮಂಜು ಎಲ್ಲ ಹೇಳಿ ಅದನ್ನ ಬಿಟ್ಟಿದ್ದೆ, ಇಬ್ಬರೂ ಕಚ್ಚಾಡ್ತಾ ಕಚ್ಚಾಡ್ತಾ ಹಳೇ ಕಥೆನ ಒಂದೊಂದೇ ತೆಗೀತಾ ಹೋದರು, ದಾರಿಯಲ್ಲಿ ಸಿಕ್ಕ ಆ ಮುದುಕನ ಲಾಂದ್ರ, ಅದನ್ನ ಬೀಳಿಸಿದ್ದು ನೀನು, ನಾನಲ್ಲ ನಿನ್ನ ಮದ್ದಿನ ಚೀಲ, ಗಡ್ಡ ಈಗ ಇವರ ಮುಖವನ್ನೇ ನೋಡಿ, ಅಲ್ವಾ ಗುರು ಅಂತ ಸಾಕ್ಷಿ ಕೇಳಿದ, ಇವರ ತುಟಿ ಒಂದು ಕಡೆ ಮೇಲೆ ಹೋಯಿತು, ಒಂದೇ ಕಡೆ ಹೋಗೋದು ಈಗ. ನಾನು ಸುಮ್ಮನೆ ಕೂತಿದ್ದೆ. ಗಾಡಿ ಹೊರಟಿತ್ತು, ನಾನು ಕಾಲು ಬಿಟ್ಟಿದ್ದಷ್ಟೇ.

ನಾನು ವಾಪಸ್ ತಟ್ಟಬಹುದಾ ಅಂತ ಮೇಡಂ ನನ್ನನ್ನ ಕೇಳಿದರು, ತರಗತಿಯಲ್ಲಿ ಕೈ ಎತ್ತೋ ಮಗುವಿನ ಹಾಗೆ, ತಟ್ಟಿ ಅಂದೆ, ಬಗ್ಗಿ ಮೇಜಿನ ಮೇಲೆ ತಟ್ಟಿದರು, ಟಕ್. ಇವರ ಕೈ ಎದ್ದಿತು, ನಿಂತಿತು, ಟಕ್. ಓಹೋ ಅಂದ ಗಡ್ಡ ಪಿಸುದನಿಯಲ್ಲಿ. ಮೇಡಂ ಹೇಳಿದರು, ಬಾಗಿಲಿಗೇ ಹೇಳಿದರು, ನೋಡಿ, ಹೌದು ಅಂದರೆ ಒಂದು ಸಲ ತಟ್ಟಿ, ಅಲ್ಲ ಅಂದರೆ ಎರಡು ಸಲ. ನನಗೆ ಇದು ಹೊಳೆದಿರಲಿಲ್ಲ, ಮಾತು ಕಲಿಸೋ ಹುಡುಗಿ ತಲೆ ಆಡಿಸಿ ಸರ್ ಅಂತ ಎಷ್ಟೋ ಸಲ ಹೇಳಿದ್ದಳು, ಇವರು ಮುಖ ತಿರುಗಿಸಿಬಿಡ್ತಿದ್ದರು, ತಾನು ಕಾಯಿಲೆಯವನು ಅಂತ ತಲೆ ಆಡಿಸಬೇಕಾಗಿತ್ತಲ್ಲ ಅಲ್ಲಿ, ಇಲ್ಲಿ ಹಾಗಲ್ಲ, ಇಲ್ಲಿ ಬಾಗಿಲ ಹಿಂದೆ ಏನೋ ಇದೆ, ಅದು ತಟ್ಟುತ್ತೆ. ನೀವು ಪ್ರಾಣಿಯಾ. ಕೈ ಎದ್ದಿತು, ಗಾಳಿಯಲ್ಲಿ ನಿಂತಿತು, ಟಕ್ ಟಕ್. ಅಲ್ಲ. ಮನುಷ್ಯರಾ ಅಂತ ತಂಗಿ, ಅವಳ ದನಿ ಅವಳದೇ ಆಗಿಬಿಟ್ಟಿತ್ತು. ಟಕ್. ನಮ್ಮನ್ನ ಹೊಡೀತೀರಾ ಅಂತ ಗಡ್ಡ. ಕೈ ಮೇಲೆ ನಿಂತಿತು, ನಿಂತೇ ಇತ್ತು, ತುಟಿ ಒಂದು ಕಡೆ ಮೇಲೆ ಹೋಯಿತು, ಟಕ್ ಆಯಿತು, ಇನ್ನೊಂದಕ್ಕೆ ಕಾಯಿಸಿ ಕಾಯಿಸಿ ಗಡ್ಡನ ಬಾಯಿ ಒಣಗಿದ ಮೇಲೆ ಇನ್ನೊಂದು ಟಕ್, ಅಯ್ಯೋ ಗುರು ಅಂತ ಗಡ್ಡ ನಕ್ಕ, ತಂಗಿ ನಕ್ಕಳು, ಈ ಸಲ ಬೇಕಾದಷ್ಟೇ ನಕ್ಕಳು. ನಾನು ಕೇಳಬೇಕು ಅನ್ನಿಸಿತು. ನಾನು ಆಟ ನಡೆಸೋಳು, ನಾನು ಕೇಳೋ ಹಾಗಿಲ್ಲ, ನಾನು ಬಾಗಿಲ ಯಾವ ಕಡೆಯವಳೂ ಅಲ್ಲ, ಕೇಳೋದು ಅವರ ಕೆಲಸ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಎಡಗಡೆ ಗಾಜಿನಲ್ಲಿ ಸಣ್ಣ ಗೀರು ಇದೆ, ಬಾಗಿಲಿಗೆ ಬಾಯಿ ಹಚ್ಚಿದ ಹಾಗೆ ಮರದ ಹತ್ತಿರ ಬಗ್ಗಿ ಮೆಲ್ಲಗೆ, ಎರಡನೇ ಗೇರಿನಲ್ಲಿ ಇವರನ್ನ ಕರೆದುಕೊಂಡು ಬರುವಾಗ ದಾರಿ ಪೂರ್ತಿ ಹೀಗೇ ಮಾತಾಡಿಸಿಕೊಂಡು ಬಂದಿರಬೇಕು, ಅಲ್ಲಿ ತುಂಬ ಕತ್ತಲೆಯಾ, ಅಂದರು. ಟಕ್. ನಾವಿಲ್ಲಿ ಇರೋದು ನಿಮಗೆ ಕೇಳಿಸ್ತಾ ಇತ್ತಾ, ಇಷ್ಟು ದಿನ. ಕೈ ಎದ್ದಿತು, ಟಕ್. ಮರದ ಹಿಡಿಯನ್ನ ನಾನು ಹಿಡಿದುಕೊಂಡಿದ್ದೀನಿ, ಉಗುರು ನೋಯ್ತಾ ಇದೆ, ನೋವು ನನ್ನ ಉಗುರಿನದೇ. ಒಳಗೆ ನೀವೊಬ್ಬರೇ ಇದ್ದೀರಾ, ಅಂದರು ಮೇಡಂ. ಕೈ ಎದ್ದಿತು, ಬೆರಳು ಮಡಚಿದೆ, ಗೆಣ್ಣು ಬೆಳ್ಳಗಾಗಿದೆ, ತಂಗಿ ನೋಡ್ತಾ ಇದ್ದಾಳೆ, ಗಡ್ಡ ನೋಡ್ತಾ ಇದ್ದಾನೆ, ಇವರು ಅವರನ್ನ ನೋಡ್ತಾ ಇಲ್ಲ, ರಟ್ಟಿನ ಹಲಗೆಯ ಮೇಲಿಂದ ನನ್ನನ್ನ ನೋಡ್ತಾ ಇದ್ದಾರೆ, ಒಂದಾ ಎರಡಾ, ಒಂದು ತಟ್ಟಿದರೆ ನಾನು ಇಷ್ಟು ದಿನ ಹೊರಗೇ — ಎರಡು ತಟ್ಟಿದರೆ ನಾನೂ ಅವರ ಜೊತೆ — ಕೈ ಮೇಜಿನಿಂದ ಗೇಣು ಮೇಲೆ, ಮಡಚಿದ ಬೆರಳು, ಬೆಳ್ಳಗಿನ ಗೆಣ್ಣು, ಇಳೀತಾ ಇಲ್ಲ, ಕೈ ಮೇಲೇ ಇದೆ, ಕೈ —